ನರ್ಸರಿಯಿಂದ ತಂದ ಮೆಣಸಿನ ಬಳ್ಳಿ ಮುರುಟಿದೆ. ಕೀಳಲೇಬೇಕಾ?

ಅಡಿಕೆತೋಟ (ತೀರ್ಥಹಳ್ಳಿ ಕಡೆ)

ಕಳೆದ ಜೂನ್‌ನಲ್ಲಿ ಒಂದು ನರ್ಸರಿಯಿಂದ ಪನ್ನಿಯೂರು-1 ತಳಿಯ 250 ಕಾಳುಮೆಣಸಿನ ಗಿಡ ತಂದು ಅಡಿಕೆ ಮರದ ಬುಡಕ್ಕೆ ನೆಟ್ಟೆ. ತೊಟ್ಟೆಗೆ 20 ರೂಪಾಯಿ. ಗಾಡಿಯಿಂದ ಇಳಿಸುವಾಗ ಎಲ್ಲವೂ ಹಸಿರಾಗೇ ಇದ್ದವು. ಮಳೆಗಾಲ ಮುಗಿದ ಮೇಲೆ ನೋಡಿದರೆ 41 ಗಿಡಗಳ ಕಥೆಯೇ ಬೇರೆ. ಎಲೆ ಸಣ್ಣ, ಅಂಚು ಸೊಟ್ಟ, ಮಧ್ಯೆ ಅಲ್ಲಲ್ಲಿ ಹಳದಿ ಮಚ್ಚೆ. ಗೆಣ್ಣುಗಳು ಒತ್ತೊತ್ತಾಗಿ ಬಳ್ಳಿ ಗಿಡ್ಡಕ್ಕೆ ಕೂತಿದೆ. ಪಕ್ಕದ ಮರದ್ದು ಸೊಂಟದ ಮಟ್ಟ ಬಂದಿದೆ, ಇವು ಮೊಣಕಾಲೂ ದಾಟಿಲ್ಲ.

ನರ್ಸರಿಯವರಿಗೆ ಫೋಟೋ ಕಳಿಸಿದೆ. ‘ಸತುವಿನ ಕೊರತೆ, ಜಿಂಕ್ ಹೊಡೀರಿ’ ಅಂದರು. ಎರಡು ಸಲ ಹೊಡೆದೆ. ಹೊಸ ಎಲೆಯೂ ಹಾಗೇ ಬರುತ್ತಿದೆ. ಆಮೇಲೆ ಅವರು ಫೋನ್ ಎತ್ತಿಲ್ಲ.

ಇದು ವೈರಸ್ಸಾ? ಔಷಧಿ ಇದೆಯಾ? ಇದೇ ತೋಟದಲ್ಲಿ ಅಪ್ಪ ಹಬ್ಬಿಸಿದ ಮಲ್ಲಿಗೆಸರ ತಳಿಯ ಮೆಣಸಿನ ಬಳ್ಳಿಗಳಿವೆ. 30 ವರ್ಷದವು. 20 ರೂಪಾಯಿ ಹೋದರೆ ಹೋಗಲಿ, ನನ್ನ ಹೆದರಿಕೆ ಅವುಗಳದ್ದು.

ಗೊಬ್ಬರಗುಂಡಿ

ಹುಳಿ ಮಜ್ಜಿಗೆ ಹೊಡೆದು ನೋಡಿ. ನಮ್ಮ ಮೆಣಸಿನಕಾಯಿ ಗಿಡದ ಮುರುಟು ಅದರಲ್ಲೇ ಹೋಯ್ತು. ಇಷ್ಟಕ್ಕೆಲ್ಲ ಯಾರಾದರೂ ಕೀಳ್ತಾರಾ!

ಹಿತ್ತಲ ನರ್ಸರಿ (ಮೂಡಿಗೆರೆ)

ಮಜ್ಜಿಗೆ ನೀವು ಕುಡಿಯಿರಿ, ಬಳ್ಳಿಗೆ ಬೇಡ. ಮೆಣಸಿನಕಾಯಿ ಗಿಡ ಥ್ರಿಪ್ಸ್, ನುಸಿಯಿಂದಲೂ ಮುರುಟುತ್ತದೆ. ಹುಳ ಹೋದರೆ ಹೊಸ ಚಿಗುರು ಸರಿಯಾಗುತ್ತದೆ. ವೈರಸ್ ಹಾಗಲ್ಲ. ಅದು ಬಳ್ಳಿಯೊಳಗೇ ಸೇರಿಕೊಂಡಿರುತ್ತದೆ. ಹೊಡೆದು ಓಡಿಸುವ ಔಷಧಿ ಇಲ್ಲ.

ಎರಡು ಸಲ ಜಿಂಕ್ ಕೊಟ್ಟರೂ ಹೊಸ ಎಲೆ ಮಚ್ಚೆಯಾಗೇ ಬರುತ್ತಿದ್ದರೆ, ಜೊತೆಗೆ ಗೆಣ್ಣೂ ಗಿಡ್ಡವಾಗಿದ್ದರೆ, ನನ್ನ ಅನುಮಾನ ವೈರಸ್ ಮೇಲೇ. ಕಾಳುಮೆಣಸಿಗೆ ಹೀಗೆ ಮಾಡುವವು ಮುಖ್ಯವಾಗಿ ಎರಡು. ಒಂದು ಸೌತೆ ಮೊಸಾಯಿಕ್ ವೈರಸ್, ಸಸ್ಯಹೇನಿನಿಂದ ಹರಡುತ್ತದೆ. ಇನ್ನೊಂದು ಪೈಪರ್ ಯೆಲ್ಲೋ ಮಾಟಲ್ ವೈರಸ್, ಹಿಟ್ಟು ತಿಗಣೆಯಿಂದ ಹರಡುತ್ತದೆ. ಆದರೆ ದೂರದೂರಿಗೆ ಇವನ್ನು ಹೊತ್ತೊಯ್ಯುವವರು ಹುಳಗಳಲ್ಲ, ನಮ್ಮಂಥ ನರ್ಸರಿಯವರು. ರೋಗದ ತಾಯಿಬಳ್ಳಿಯಿಂದ ತುಂಡು ತೆಗೆದರೆ ಗಿಡದ ಜೊತೆ ರೋಗವನ್ನೂ ಮಾರಿದಂತೆ.

ಸುಮ್ನೆ ಬೇರೆಯವರನ್ನು ಬೈಯುತ್ತಿಲ್ಲ, ನಾನೂ ಮಾಡಿದ್ದೇನೆ. ಒಂದು ವರ್ಷ ಗಿಡ ಸಾಲದೆ ಬಂದಾಗ ಸಿಕ್ಕಿದ ಬಳ್ಳಿಯ ಹಂಬನ್ನೆಲ್ಲ ಕೊಯ್ದು ತೊಟ್ಟೆಗೆ ಹಾಕಿದೆ. ಮಳೆಗಾಲದಲ್ಲಿ ತಾಯಿಬಳ್ಳಿ ಚೆನ್ನಾಗೇ ಕಾಣುತ್ತಿತ್ತು. ಅದೇ ಮೋಸ. ಕೆಲವು ಕಾಲದಲ್ಲಿ ಲಕ್ಷಣ ಅಡಗಿಬಿಡುತ್ತದೆ. ಗಿಡ ಕೊಂಡ ಮೂವರು ಮುಂದಿನ ವರ್ಷ ಎಲೆ ಹಿಡಿದುಕೊಂಡೇ ಮನೆಗೆ ಬಂದರು. ಹಣ ವಾಪಸ್ ಕೊಟ್ಟೆ. ಈಗ ಕೊಯ್ಲಿನ ಹೊತ್ತಿಗೇ ತೋಟ ಸುತ್ತಿ, ಕರೆ (ಕಾಳಿನ ಗೊಂಚಲು) ಉದ್ದವಿದ್ದು ಕಾಳು ತುಂಬಿದ ಬಳ್ಳಿಗೆ ಮಾತ್ರ ಕೆಂಪು ಬಟ್ಟೆ ಕಟ್ಟುತ್ತೇನೆ. ಅದರ ಹಂಬನ್ನು ಬುಡದಲ್ಲಿ ಕೋಲಿಗೆ ಸುತ್ತಿಟ್ಟು, ಫೆಬ್ರವರಿ-ಮಾರ್ಚ್‌ನಲ್ಲಿ ಕೊಯ್ಯುವುದು. ಕಣ್ಣಿಗೆ ಕಾಣದ ರೋಗವನ್ನು ಬಟ್ಟೆ ಹಿಡಿಯಲ್ಲ, ನಿಜ. ಅದಕ್ಕೆ ಲ್ಯಾಬ್‌ನಲ್ಲಿ ಪಿಸಿಆರ್ ಪರೀಕ್ಷೆಯೇ ಆಗಬೇಕು. ಕೋಝಿಕ್ಕೋಡ್‌ನ ಸಾಂಬಾರ ಬೆಳೆ ಸಂಶೋಧನಾ ಸಂಸ್ಥೆಯ ಶಾಖೆ ಮಡಿಕೇರಿ ಹತ್ತಿರ ಅಪ್ಪಂಗಳದಲ್ಲಿದೆ, ಕೇಳಿ ನೋಡಿ.

ನಿಮ್ಮ ಕೆಲಸ ಈಗ ಇಷ್ಟು. ಎಲೆ ತಿರುಗಿಸಿ, ಗೆಣ್ಣು ನೋಡಿ, ಬುಡದ ಮಣ್ಣು ಸ್ವಲ್ಪ ಕೆದಕಿ. ಬಿಳಿ ಹಿಟ್ಟಿನಂಥದ್ದು, ಇರುವೆ ಸಾಲು ಇದ್ದರೆ ಹಿಟ್ಟು ತಿಗಣೆ ಬಂದಿದೆ ಅಂತಲೇ. ಮೊದಲು ಅದನ್ನು ಹತೋಟಿಗೆ ತನ್ನಿ, ಆಮೇಲೆ ಕೀಳಿ. ಇಲ್ಲದಿದ್ದರೆ ಎಳೆದುಕೊಂಡು ಹೋಗುವಾಗ ತೋಟಕ್ಕೆಲ್ಲ ನೀವೇ ಉದುರಿಸುತ್ತೀರಿ. ಕಿತ್ತದ್ದನ್ನು ಸುಡಿ.

ಏಲಕ್ಕಿಮನೆ (ಸಕಲೇಶಪುರ)

ಕೀಳೋದಕ್ಕೆ ಹಿಂದೆಮುಂದೆ ನೋಡಬೇಡಿ ತಮ್ಮಾ. ಏಲಕ್ಕಿಗೆ ಕಟ್ಟೆ ರೋಗ (ಅದೂ ವೈರಸ್ಸೇ) ಬಂದಾಗ ನಮ್ಮ ಮಾವ ಇನ್ನೊಂದು ಬೆಳೆ ನೋಡೋಣ ಅಂತ ಬಿಟ್ಟರು. ಎರಡು ವರ್ಷದಲ್ಲಿ ಆ ಮೂಲೆ ಪೂರ್ತಿ ಹೋಯ್ತು. ರೋಗದ ಬುಡದಿಂದಲೇ ಕಂದು ಕಿತ್ತು ಖಾಲಿ ಜಾಗಕ್ಕೂ ನೆಟ್ಟಿದ್ದರು ಬೇರೆ!

ಒಂದು ಅನುಮಾನ. ಬ್ರೆಜಿಲ್ ಹಿಪ್ಪಲಿ ಬುಡಕ್ಕೆ ಮೆಣಸು ಕಸಿ ಕಟ್ಟಿದ ಗಿಡ ತಂದರೆ ಈ ಕಾಟ ಇರಲ್ವಾ?

ಹಿತ್ತಲ ನರ್ಸರಿ (ಮೂಡಿಗೆರೆ)

ಇರುತ್ತದೆ ಅಕ್ಕಾ. ಹಿಪ್ಪಲಿ ಬುಡ ಸೊರಗು ರೋಗ ತಡೆಯುತ್ತದೆ. ಆದರೆ ಮೇಲೆ ಕಟ್ಟುವ ಮೆಣಸಿನ ತುಂಡಿನಲ್ಲೇ ವೈರಸ್ ಇದ್ದರೆ ಬುಡ ಏನು ಮಾಡೀತು?

ಅಡಿಕೆತೋಟ (ತೀರ್ಥಹಳ್ಳಿ ಕಡೆ)

ಎಲ್ಲರಿಗೂ ಥ್ಯಾಂಕ್ಸ್. ಆರು ಬಳ್ಳಿಯ ಬುಡದಲ್ಲಿ ಹಿಟ್ಟು ತಿಗಣೆ ಸಿಕ್ಕಿತು, ಇರುವೆ ಸಮೇತ. ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ ಔಷಧಿ ಕೊಟ್ಟು, ಹತ್ತು ದಿನ ಬಿಟ್ಟು ಕಿತ್ತೆ. 41 ಅಂದುಕೊಂಡಿದ್ದು 44 ಆಯ್ತು. ಅಪ್ಪ ಏನೂ ಮಾತಾಡಲಿಲ್ಲ, ಗೋಣಿಚೀಲ ಹಿಡಿದುಕೊಂಡು ಹಿಂದೆಹಿಂದೆ ಬಂದರು. ಹಳೇ ಬಳ್ಳಿಗಳಲ್ಲಿ ಸದ್ಯಕ್ಕೆ ಏನೂ ಕಾಣುತ್ತಿಲ್ಲ. ಖಾಲಿ ಜಾಗಕ್ಕೆ ನಮ್ಮ ಮಲ್ಲಿಗೆಸರವನ್ನೇ ಹಾಕೋಣ ಅಂತ. ಐದು ಬಳ್ಳಿಗೆ ಅಮ್ಮನ ಕೆಂಪು ರವಿಕೆ ಬಟ್ಟೆ ಹರಿದು ಕಟ್ಟಿದ್ದೇನೆ. ಎಲೆ ಪರೀಕ್ಷೆಗೆ ಅಪ್ಪಂಗಳಕ್ಕೂ ವಿಚಾರಿಸುತ್ತೇನೆ.

ಅಂದಹಾಗೆ ನಿನ್ನೆ ಆ ನರ್ಸರಿಯವರೇ ಫೋನ್ ಮಾಡಿದ್ದರು. ಈ ಜೂನ್‌ಗೆ ಎಷ್ಟು ಗಿಡ ಬೇಕು ಅಂತ ಕೇಳೋಕೆ.