ಬಾಟಲಿ ಸೈಜ್ ಬದಲಾದಾಗ ಪಿಎಲ್‌ಸಿಯಿಂದಲೇ ಡ್ರೈವ್ ಸೆಟ್ಟಿಂಗ್ ಬದಲಿಸುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಬಾಟ್ಲಿಂಗ್ ಲೈನ್‌ನಲ್ಲಿ ಕಾಂಪ್ಯಾಕ್ಟ್‌ಲಾಜಿಕ್ಸ್ ಪಿಎಲ್‌ಸಿ (ಯಂತ್ರ ನಡೆಸುವ ಕಂಪ್ಯೂಟರ್), ಪವರ್‌ಫ್ಲೆಕ್ಸ್ 525 ಡ್ರೈವ್ (ಮೋಟಾರ್ ವೇಗ ನಿಯಂತ್ರಿಸುವ ಸಾಧನ) ಇವೆ. ನಡುವೆ ಈಥರ್‌ನೆಟ್/ಐಪಿ ನೆಟ್‌ವರ್ಕ್. ಸಣ್ಣ ಬಾಟಲಿ ಬಂದಾಗ ಕನ್ವೇಯರ್ ಮೆಲ್ಲಗೆ ವೇಗ ಹಿಡಿಯಬೇಕು, ಇಲ್ಲಾಂದ್ರೆ ಬಾಟಲಿ ಉರುಳುತ್ತವೆ. ಇಷ್ಟು ದಿನ ಪ್ಯಾನಲ್ ತೆಗೆದು ಕೀಪ್ಯಾಡ್‌ನಲ್ಲಿ ಪಿ041 (ವೇಗ ಹಿಡಿಯಲು ಬೇಕಾದ ಸಮಯ) ಬದಲಿಸುತ್ತಿದ್ದೆವು. ಈಗ ಎಂಎಸ್‌ಜಿ ಇನ್‌ಸ್ಟ್ರಕ್ಷನ್ (ಡ್ರೈವ್‌ಗೆ ಮೆಸೇಜ್ ಕಳಿಸುವ ಆದೇಶ) ಹಾಕಿದ್ದೇನೆ. ಅದರ ಇಎನ್ ಬಿಟ್ಟನ್ನೇ (ಮೆಸೇಜ್ ಚಾಲೂ ಇದೆ ಅನ್ನುವ ಗುರುತು) ಎಕ್ಸ್‌ಐಒ (ಬಿಟ್ ಆಫ್ ಇದ್ದಾಗ ಒಪ್ಪುವ ಷರತ್ತು) ಮಾಡಿ ರಂಗ್‌ನಲ್ಲಿ (ಪ್ರೋಗ್ರಾಂನ ಒಂದು ಸಾಲು) ಇಟ್ಟಿದ್ದರಿಂದ ಮೆಸೇಜ್ ತಾನೇ ಮತ್ತೆ ಮತ್ತೆ ಹೋಗುತ್ತದೆ. ಕರೆಂಟ್ ಹೋಗಿ ಬಂದರೂ ವ್ಯಾಲ್ಯೂ ಉಳಿಯುತ್ತೆ. ಇದು ಸರೀನಾ?

ಉತ್ತರ: ಮೊದಲು ಆ ರಂಗ್ ನಿಲ್ಲಿಸಿ. ಕರೆಂಟ್ ಹೋದರೂ ವ್ಯಾಲ್ಯೂ ಉಳಿಯುತ್ತೆ ಅಂದ್ರೆ ಪ್ರತಿ ಮೆಸೇಜೂ ಡ್ರೈವ್‌ನ ಈಪ್ರಾಮ್‌ಗೆ (ಶಾಶ್ವತ ಮೆಮೊರಿ) ಬರೆಯುತ್ತಿದೆ ಅಂತ ಅರ್ಥ. ಈಪ್ರಾಮ್‌ಗೆ ಇಷ್ಟು ಸಲ ಮಾತ್ರ ಬರೆಯಬಹುದು ಅನ್ನೋ ಮಿತಿ ಇದೆ. ಅದು ಒಂದು ಲಕ್ಷ ಸಲ ಅಂತಲೇ ಇಟ್ಟುಕೊಳ್ಳಿ. ಸೆಕೆಂಡಿಗೆ ಒಂದು ಮೆಸೇಜ್ ಹೋದರೂ ದಿನಕ್ಕೆ 86,400 ಆಯಿತು. ನಿಮ್ಮ ರಂಗ್ ಅದಕ್ಕಿಂತ ಎಷ್ಟೋ ಜಾಸ್ತಿ ಕಳಿಸುತ್ತಿದೆ. ಒಳ್ಳೆಯ ಡ್ರೈವ್ ಸುಮ್ನೆ ಹಾಳಾಗುತ್ತೆ, ಅಲ್ವಾ?

ಡ್ರೈವ್‌ನಲ್ಲಿ ಸಿ121 ಅಂತ ಪ್ಯಾರಾಮೀಟರ್ ಇದೆ, ಕಾಮ್ ರೈಟ್ ಮೋಡ್. ಅದನ್ನು 1 ಮಾಡಿ. ಆಗ ನೆಟ್‌ವರ್ಕ್‌ನಿಂದ ಬರೆದದ್ದು ರ‍್ಯಾಮ್‌ನಲ್ಲಿ ಮಾತ್ರ ಇರುತ್ತದೆ, ಕರೆಂಟ್ ಹೋದರೆ ಅಳಿಸಿಹೋಗುತ್ತೆ.

ಇನ್ನು ರಂಗ್. ಎಂಎಸ್‌ಜಿ ಅನ್ನುವುದು ಬೇಕಾದಾಗ ಮಾಡುವ ಫೋನ್ ಕರೆ ಇದ್ದ ಹಾಗೆ. ಸ್ಟಾರ್ಟ್, ಸ್ಟಾಪ್, ಸ್ಪೀಡ್ ರೆಫರೆನ್ಸ್ ಇವೆಲ್ಲ ಆರ್‌ಪಿಐ (ನಿಗದಿತ ಅವಧಿ) ಲೆಕ್ಕದಲ್ಲಿ ತಾವಾಗಿ ಓಡಾಡುವ ಐ/ಒ ಡೇಟಾದಲ್ಲೇ ಇರಲಿ, ಸ್ಪೀಡನ್ನು ಎಂಎಸ್‌ಜಿಯಲ್ಲಿ ಕಳಿಸಲೇಬೇಡಿ. ರೆಸಿಪಿ (ಆ ಬಾಟಲಿಯ ಸೆಟ್ಟಿಂಗ್‌ಗಳ ಪಟ್ಟಿ) ಬದಲಾದ ಕ್ಷಣ ಒನ್‌ಶಾಟ್ ಹಾಕಿ ಒಂದೇ ಸಲ ಕಳಿಸಿ. ಡಿಎನ್ (ಮೆಸೇಜ್ ಮುಗಿಯಿತು ಅನ್ನುವ ಬಿಟ್) ಬಂದ ಮೇಲೆ ಮುಂದಿನ ಪ್ಯಾರಾಮೀಟರ್.

ಪಿ041 ಬರೆಯಲು ಎಂಎಸ್‌ಜಿ ಸೆಟ್ಟಿಂಗ್ ಹೀಗಿರಲಿ: ಸಿಐಪಿ ಜೆನೆರಿಕ್, ಸೆಟ್ ಆಟ್ರಿಬ್ಯೂಟ್ ಸಿಂಗಲ್, ಕ್ಲಾಸ್ ಹೆಕ್ಸ್‌ನಲ್ಲಿ ಎಫ್, ಇನ್‌ಸ್ಟೆನ್ಸ್ 41, ಆಟ್ರಿಬ್ಯೂಟ್ 1, ಉದ್ದ 2 ಬೈಟ್. ಇನ್‌ಸ್ಟೆನ್ಸ್ ಅಂದರೆ ಪ್ಯಾರಾಮೀಟರ್ ನಂಬರೇ. ಇಲ್ಲಿ ಬಹಳ ಜನ ಎಡವುವುದು ದಶಮಾಂಶದಲ್ಲಿ. 2.5 ಸೆಕೆಂಡ್ ಬೇಕಿದ್ದರೆ 250 ಕಳಿಸಬೇಕು. 25 ಕಳಿಸಿದರೆ ಕಾಲು ಸೆಕೆಂಡ್ ಆಗುತ್ತೆ, ಆಮೇಲೆ ಬಾಟಲಿಗಳ ಗತಿ ನಿಮಗೇ ಗೊತ್ತು.

ಪ್ರಶ್ನೆ: ರ‍್ಯಾಮ್‌ನಲ್ಲಿ ಮಾತ್ರ ಇದ್ದರೆ ಬೆಳಿಗ್ಗೆ ಪವರ್ ಆನ್ ಮಾಡಿದಾಗ ಹಳೇ ವ್ಯಾಲ್ಯೂ ಬರುತ್ತಲ್ಲ ಸರ್? ಮತ್ತೆ ಮೋಟಾರ್ ಓಡುತ್ತಿರುವಾಗ ಬರೆಯಬಹುದಾ?

ಉತ್ತರ: ಹೌದು, ಬರುತ್ತೆ. ಅದಕ್ಕೇ ಪಿಎಲ್‌ಸಿಯೇ ಮತ್ತೆ ಕಳಿಸಬೇಕು. ಬರೀ ಫಸ್ಟ್ ಸ್ಕ್ಯಾನ್ (ಪಿಎಲ್‌ಸಿ ಶುರುವಾದಾಗಿನ ಮೊದಲ ಸುತ್ತು) ನಂಬಬೇಡಿ. ಡ್ರೈವ್ ಒಂದರ ಕರೆಂಟ್ ಮಾತ್ರ ಹೋಗಿ ಬಂದರೆ ಪಿಎಲ್‌ಸಿಗೆ ಫಸ್ಟ್ ಸ್ಕ್ಯಾನ್ ಬರುವುದೇ ಇಲ್ಲ. ಜಿಎಸ್‌ವಿಯಿಂದ (ಪಿಎಲ್‌ಸಿಯ ಒಳಗಿನ ಸ್ಥಿತಿ ಓದುವ ಇನ್‌ಸ್ಟ್ರಕ್ಷನ್) ಆ ಡ್ರೈವ್ ಮಾಡ್ಯೂಲ್‌ನ ಎಂಟ್ರಿ ಸ್ಟೇಟಸ್ ಓದಿ. ಹೆಕ್ಸ್‌ನಲ್ಲಿ ಮೊದಲ ಅಂಕಿ 4 ಆದರೆ ಕನೆಕ್ಷನ್ ಬಂದಿದೆ ಅಂತ. 4 ಆದ ಕೂಡಲೇ ಸದ್ಯದ ರೆಸಿಪಿಯನ್ನು ಒಮ್ಮೆ ಕಳಿಸಿ. ಆಮೇಲೆ ಗೆಟ್ ಆಟ್ರಿಬ್ಯೂಟ್ ಸಿಂಗಲ್‌ನಿಂದ ವಾಪಸ್ ಓದಿ, ಎರಡೂ ಒಂದೇ ಇದ್ದರೆ ಮಾತ್ರ ಸ್ಟಾರ್ಟ್ ಆಗಲು ಬಿಡಿ. ಈ ಎರಡು ರಂಗ್ ಬರೆಯಲು ಬೇಜಾರು ಮಾಡಿಕೊಳ್ಳಬೇಡಿ, ರಾತ್ರಿ ಪಾಳಿಯವರಿಗೆ ತುಂಬಾ ಸಹಾಯ ಆಗುತ್ತೆ.

ಪಿ041, ಪಿ042 (ವೇಗ ಇಳಿಸಿ ನಿಲ್ಲಲು ಬೇಕಾದ ಸಮಯ) ಓಡುವಾಗಲೂ ಬದಲಿಸಬಹುದು. ಮೋಟಾರ್ ನೇಮ್‌ಪ್ಲೇಟ್ ವೋಲ್ಟೇಜ್‌ನಂಥವಕ್ಕೆ ಡ್ರೈವ್ ನಿಂತಿರಬೇಕು. ಇಆರ್ ಬಿಟ್ (ಮೆಸೇಜ್ ವಿಫಲ ಅನ್ನುವ ಗುರುತು) ಬಂದರೆ ಎರರ್ ಕೋಡ್ ನೋಡಿ. ಹೆಕ್ಸ್ 10 ಇದ್ದರೆ ಡ್ರೈವ್ ಈಗಿರುವ ಸ್ಥಿತಿಯಲ್ಲಿ ಒಪ್ಪುತ್ತಿಲ್ಲ ಅಂತ, 9 ಇದ್ದರೆ ವ್ಯಾಲ್ಯೂ ತಪ್ಪು.

ಪಿ042 ತೀರಾ ಕಡಿಮೆ ಮಾಡಬೇಡಿ. ಲೋಡ್ ಭಾರ ಇದ್ದರೆ ನಿಲ್ಲಿಸುವಾಗ ಎಫ್005 ಓವರ್‌ವೋಲ್ಟೇಜ್ ಬಂದು ಟ್ರಿಪ್ ಆಗುತ್ತೆ. ಎಚ್‌ಎಂಐನಲ್ಲೇ (ಆಪರೇಟರ್ ಸ್ಕ್ರೀನ್) ಕನಿಷ್ಠ ಮಿತಿ ಹಾಕಿಬಿಡಿ.