ಸಬ್ ಕಾಂಟ್ರಾಕ್ಟ್‌ನಲ್ಲಿರುವ ಡೆವಲಪರ್‌ಗಳನ್ನು ಕಾಯಂ ಮಾಡಿಕೊಳ್ಳುವುದು ಹೇಗೆ?

ಪ್ರಶ್ನೆ (ಟೀಮ್ ಮ್ಯಾನೇಜರ್):
ಮೇಡಂ, ನಮ್ಮ ಟೀಮಿನಲ್ಲಿ ನಾಲ್ಕು ಜನ ಡೆವಲಪರ್‌ಗಳು ವೆಂಡರ್ (ನಮಗೆ ಕರಾರಿನ ಮೇಲೆ ಜನ ಒದಗಿಸುವ ಕಂಪನಿ) ಮೂಲಕ ಬಂದವರು. ಎರಡು ವರ್ಷದಿಂದ ಇದ್ದಾರೆ. ನಮ್ಮ ಬಿಲ್ಲಿಂಗ್ ಸಿಸ್ಟಮ್ ಪೂರ್ತಿ ಗೊತ್ತಿರುವುದು ಅವರಿಗೇ. ನಾಲ್ವರನ್ನೂ ನಮ್ಮ ಪೇರೋಲ್‌ಗೆ ತೆಗೆದುಕೊಳ್ಳಬೇಕು ಅಂತಿದ್ದೇವೆ. ಅದರಲ್ಲಿ ಇಬ್ಬರು ವೆಂಡರ್‌ನ ನೌಕರರೂ ಅಲ್ಲ, ವೆಂಡರ್ ಕೆಳಗಿನ ಇನ್ನೊಂದು ಚಿಕ್ಕ ಕಂಪನಿಯವರು. ಎಲ್ಲಿಂದ ಶುರು ಮಾಡಲಿ? ಅವರಿಗೆ ಮೊದಲೇ ವಿಷಯ ಹೇಳಿಬಿಡಲಾ?

ಉತ್ತರ (ನೇಮಕಾತಿ ಮತ್ತು ವೆಂಡರ್ ಕರಾರು ನೋಡಿಕೊಳ್ಳುವವರು):
ಈಗಲೇ ಹೇಳಬೇಡಿ. ಮಾತು ಹೊರಗೆ ಬಿದ್ದು ಕೆಲಸ ಆಗದೇ ಹೋದರೆ ಪೆಟ್ಟು ತಿನ್ನುವವರು ಅವರೇ. ವೆಂಡರ್ ಅವರನ್ನು ಬೇರೆ ಪ್ರಾಜೆಕ್ಟ್‌ಗೆ ಹಾಕಬಹುದು, ಕರಾರು ಮುಂದುವರಿಸದೇ ಬಿಡಬಹುದು. ನಿಮ್ಮ ನೌಕರಿಗೆ ಏನೂ ಆಗುವುದಿಲ್ಲ.

ಮೊದಲು ವೆಂಡರ್ ಜೊತೆಗಿನ ಕರಾರನ್ನು ತೆಗೆದು ಓದಿ. ಅವರ ಜನರನ್ನು ನೀವು ನೇರವಾಗಿ ಕೆಲಸಕ್ಕೆ ತೆಗೆದುಕೊಳ್ಳಬಾರದು ಎಂಬ ಷರತ್ತು ಸಾಮಾನ್ಯವಾಗಿ ಅದರಲ್ಲಿ ಇರುತ್ತದೆ. ಬಿಡುಗಡೆಯ ದಾರಿಯೂ ಎಷ್ಟೋ ಸಲ ಅಲ್ಲೇ ಇರುತ್ತದೆ: ಇಷ್ಟು ತಿಂಗಳು ಕೆಲಸ ಮಾಡಿದ ಮೇಲಾದರೆ ನೀವು ವೆಂಡರ್‌ಗೆ ಕೊಡಬೇಕಾದ ಫೀ ಇಲ್ಲ, ಅದಕ್ಕೂ ಮೊದಲಾದರೆ ಮೊದಲ ವರ್ಷದ ಸಂಬಳದ ಇಷ್ಟು ಭಾಗ. ಎರಡು ವರ್ಷ ಆಗಿದೆಯಲ್ಲ, ಫೀ ಇರಲಿಕ್ಕಿಲ್ಲ ಅಂದುಕೊಳ್ಳಬೇಡಿ. ತಿಂಗಳ ಲೆಕ್ಕ ಎಲ್ಲಿಂದ ಶುರುವಾಗುತ್ತದೆ ನೋಡಿ. ವ್ಯಕ್ತಿ ಬಂದ ಮೊದಲ ದಿನದಿಂದಲೋ, ಕೊನೆಯ ವರ್ಕ್ ಆರ್ಡರ್ (ಇಷ್ಟು ಅವಧಿಗೆ ಇಂಥ ಕೆಲಸ ಅಂತ ವೆಂಡರ್‌ಗೆ ಕೊಡುವ ಪತ್ರ) ಸಹಿಯಾದ ದಿನದಿಂದಲೋ? ಎರಡನೆಯದಾದರೆ ಪ್ರತಿ ಸಲ ನವೀಕರಿಸಿದಾಗಲೂ ಲೆಕ್ಕ ಮತ್ತೆ ಸೊನ್ನೆಯಿಂದ ಶುರು.

ಆ ಚಿಕ್ಕ ಕಂಪನಿಯ ಇಬ್ಬರ ವಿಷಯದಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. ಆ ಕಂಪನಿಗೂ ನಿಮಗೂ ಕರಾರೇ ಇಲ್ಲ. ನಿಮ್ಮ ವೆಂಡರ್ ಒಪ್ಪಿದರೂ, ಆ ಕಂಪನಿಗೆ ಅವರು ಬರೆದುಕೊಟ್ಟ ನೋಟಿಸ್ ಪೀರಿಯಡ್ಡು, ಬಾಂಡು ಹಾಗೇ ಇರುತ್ತವೆ. ವೆಂಡರ್ ಮೂಲಕವೇ ಮಾತಾಡಿ, ಎರಡೂ ಕಂಪನಿಗಳಿಂದ ಬಿಡುಗಡೆ ಪತ್ರ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಇಂಥ ಷರತ್ತುಗಳು ಎಷ್ಟರ ಮಟ್ಟಿಗೆ ನಿಲ್ಲುತ್ತವೆ ಎನ್ನುವುದು ಆಯಾ ಜಾಗದ ಕಾನೂನಿಗೆ ಬಿಟ್ಟದ್ದು. ಅದಕ್ಕೆ ವಕೀಲರ ಒಂದು ಗಂಟೆ ಸಾಕು, ಆ ಖರ್ಚು ಉಳಿಸಬೇಡಿ.

ಕೋಡ್ ಯಾರದ್ದು ಅಂತಲೂ ಈಗಲೇ ನೋಡಿಬಿಡಿ. ಹೊರಗಿನವರು ಬರೆದ ಕೋಡು ದುಡ್ಡು ಕೊಟ್ಟ ಮಾತ್ರಕ್ಕೆ ನಿಮ್ಮದಾಗುತ್ತದೆ ಅಂತ ಹೇಳಲಾಗದು. ಹಕ್ಕು ವರ್ಗಾವಣೆ ಬರವಣಿಗೆಯಲ್ಲಿ ಇರಬೇಕು. ವ್ಯಕ್ತಿಯಿಂದ ಚಿಕ್ಕ ಕಂಪನಿಗೆ, ಅಲ್ಲಿಂದ ವೆಂಡರ್‌ಗೆ, ವೆಂಡರ್‌ನಿಂದ ನಿಮಗೆ. ನಡುವೆ ಒಂದು ಕೊಂಡಿ ತಪ್ಪಿದ್ದರೂ ಕಾಯಂ ಮಾಡಿಕೊಳ್ಳುವಾಗಲೇ ಸರಿಪಡಿಸಿ.

ಮರುಪ್ರಶ್ನೆ (ಅದೇ ಮ್ಯಾನೇಜರ್):
ಧನ್ಯವಾದ ಮೇಡಂ. ಇಷ್ಟೆಲ್ಲ ತಾಪತ್ರಯ ಇದ್ದರೆ ಈಗ ಇರುವ ಹಾಗೇ ಮುಂದುವರಿಸಿಬಿಡಿ ಅಂತ ನಮ್ಮ ಫೈನಾನ್ಸ್‌ನವರು ಹೇಳುತ್ತಿದ್ದಾರೆ.

ಉತ್ತರ:
ಅವರಿಗೆ ಮೈಕ್ರೋಸಾಫ್ಟ್ ಕೇಸು ಹೇಳಿ. ವರ್ಷಗಟ್ಟಲೆ ಕಾಯಂ ನೌಕರರ ಪಕ್ಕದಲ್ಲೇ ಕೂತು, ಅದೇ ಮ್ಯಾನೇಜರ್ ಹೇಳಿದ ಕೆಲಸ ಮಾಡುತ್ತಿದ್ದವರು 1992ರಲ್ಲಿ ಅಮೆರಿಕದ ಕೋರ್ಟಿಗೆ ಹೋದರು. ನೌಕರರಿಗೆ ರಿಯಾಯಿತಿ ಬೆಲೆಗೆ ಸಿಗುತ್ತಿದ್ದ ಷೇರು ಅವರಿಗೆ ಸಿಕ್ಕಿರಲಿಲ್ಲ. ಸ್ವತಂತ್ರ ಕಾಂಟ್ರಾಕ್ಟರ್ ಅಂತ ಅವರೇ ಸಹಿ ಹಾಕಿದ್ದರೂ ಕೋರ್ಟ್ ಆ ಕಾಗದವನ್ನಷ್ಟೇ ನೋಡಲಿಲ್ಲ. 2000ದಲ್ಲಿ ಕಂಪನಿ 9.7 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಕೆಲಸದ ಸಮಯ, ರಜೆ, ದಿನದ ಕೆಲಸ ಎಲ್ಲವನ್ನೂ ನೀವೇ ತೀರ್ಮಾನಿಸುತ್ತಿದ್ದರೆ, ‘ಇವರು ಹೊರಗಿನವರು’ ಎಂಬ ಮಾತು ಎಷ್ಟು ದಿನ ನಿಲ್ಲುತ್ತದೆ?

ಅದಿರಲಿ, ಇದು ಬರೀ ಕೇಸಿನ ಭಯಕ್ಕೆ ಮಾಡುವ ಕೆಲಸ ಅಲ್ಲ. ಎರಡು ವರ್ಷ ನಿಮ್ಮ ಸಿಸ್ಟಮ್ ಹೊತ್ತವರು ಮುಂದಿನ ತಿಂಗಳು ಇರುತ್ತೇವೋ ಇಲ್ಲವೋ ಗೊತ್ತಿಲ್ಲದೆ ಕೆಲಸ ಮಾಡುವುದು ನ್ಯಾಯ ಅಲ್ಲ.

ಇನ್ನೊಬ್ಬರ ಪ್ರಶ್ನೆ (ಕಾಂಟ್ರಾಕ್ಟ್ ಡೆವಲಪರ್):
ಮೇಡಂ, ನಾನು ಆ ಕಡೆಯವನು. ನನಗೂ ಇಂಥದ್ದೇ ಆಫರ್ ಬಂದಿದೆ. ಗಂಟೆ ಲೆಕ್ಕದಲ್ಲಿ ನೋಡಿದರೆ ಸಂಬಳ ಕಮ್ಮಿ ಅನ್ನಿಸುತ್ತಿದೆ. ಮೇಲೆ ಆರು ತಿಂಗಳು ಪ್ರೊಬೇಷನ್ ಬೇರೆ. ಒಪ್ಪಿಕೊಳ್ಳಲಾ?

ಉತ್ತರ:
ಲೆಕ್ಕ ಸರಿಯಾಗಿ ಹಾಕಿ ನೋಡಿ. ವಾರಕ್ಕೆ 40 ಗಂಟೆಯಂತೆ 52 ವಾರಕ್ಕೆ 2,080 ಗಂಟೆ. ಎಲ್ಲರೂ ಗಂಟೆಯ ರೇಟನ್ನು ಇದರಿಂದಲೇ ಗುಣಿಸುತ್ತಾರೆ. ನೀವು ನಾಲ್ಕು ವಾರ ರಜೆ ಹಾಕಿ, ಹತ್ತು ದಿನ ಆಫೀಸ್ ಮುಚ್ಚಿದ್ದರೆ 240 ಗಂಟೆ ಹೋಯಿತು. ದುಡ್ಡು ಬರುವುದು 1,840 ಗಂಟೆಗೆ ಮಾತ್ರ. ಆ ಮೊತ್ತವನ್ನು ಆಫರ್ ಪಕ್ಕ ಇಡಿ. ಆಮೇಲೆ ವಿಮೆ, ನಿವೃತ್ತಿ ನಿಧಿ, ಬೋನಸ್ ಸೇರಿಸಿ. ಆಗಲೂ ಕಮ್ಮಿ ಇದ್ದರೆ ಧೈರ್ಯವಾಗಿ ಕೇಳಿ. ಹೊಸಬರನ್ನು ಹುಡುಕುವ, ಕಲಿಸುವ ಖರ್ಚು ಅವರಿಗೆ ಉಳಿಯುತ್ತಿದೆ.

ಪ್ರೊಬೇಷನ್ ತೆಗೆಯಿರಿ ಅಂತ ಕೇಳುವುದರಲ್ಲಿ ತಪ್ಪೇನೂ ಇಲ್ಲ. ನಿಮ್ಮ ಕೆಲಸ ಅವರು ನೋಡಿಯೇ ಆಗಿದೆಯಲ್ವಾ? ಸೇರಿದ ದಿನಾಂಕ ಹೊಸದೇ ಆಗಬಹುದು. ಆದರೆ ರಜೆಯ ಶ್ರೇಣಿ, ಹುದ್ದೆ, ಮೊದಲ ಇನ್‌ಕ್ರಿಮೆಂಟ್‌ಗೆ ಹಳೆಯ ವರ್ಷಗಳನ್ನು ಪರಿಗಣಿಸಲು ಹೇಳಿ, ಆಫರ್ ಲೆಟರ್‌ನಲ್ಲೇ ಬರೆಸಿಕೊಳ್ಳಿ. ಸಹಿಯಾದ ಆಫರ್ ಮತ್ತು ನಿಮ್ಮ ಕಂಪನಿಯ ಬಿಡುಗಡೆ ಪತ್ರ ಎರಡೂ ಕೈಗೆ ಬರುವ ತನಕ ರಾಜೀನಾಮೆ ಕೊಡಬೇಡಿ.

ಮರುಪ್ರಶ್ನೆ (ಮ್ಯಾನೇಜರ್):
ಬಜೆಟ್ ಇಬ್ಬರಿಗೆ ಮಾತ್ರ ಸಿಗುವ ಹಾಗಿದೆ. ಉಳಿದಿಬ್ಬರಿಗೆ ಏನು ಹೇಳಲಿ?

ಉತ್ತರ:
ನಾಲ್ವರಿಗೂ ಒಂದೇ ದಿನ, ನೀವೇ ಹೇಳಿ. ಬೇರೆಯವರ ಬಾಯಿಂದ ಗೊತ್ತಾಗುವುದು ಬೇಡ. ಯಾವ ಆಧಾರದ ಮೇಲೆ ಆರಿಸಿದಿರಿ ಅಂತ ಮೊದಲೇ ಬರೆದಿಟ್ಟುಕೊಳ್ಳಿ. ಅವರ ಕರಾರು ಯಾವ ತಿಂಗಳವರೆಗೆ ಖಚಿತ, ಮುಂದಿನ ಬಜೆಟ್ ಯಾವಾಗ, ಇಷ್ಟು ಹೇಳಿ. ‘ಮುಂದಿನ ಸಲ ಖಂಡಿತ’ ಅನ್ನಬೇಡಿ. ಅದನ್ನು ನಂಬಿ ಅವರು ಬೇರೆ ಕಡೆ ಸಿಗುವ ಕೆಲಸವನ್ನೂ ಬಿಟ್ಟುಬಿಡುತ್ತಾರೆ.