ಸುಮಾ, ನಿಮ್ಮಪ್ಪನ ರಿಪೋರ್ಟ್ ವಿಷಯಕ್ಕ

ಸುಮಾ, ಮೆಸೇಜ್ ಈಗ ನೋಡಿದೆ. ನಿಮ್ಮಪ್ಪನ ಹಾರ್ಟ್ ಪಂಪಿಂಗ್ ಕಡಿಮಿ, ಅಂದ್ರ ಹಾರ್ಟ್ ಫೇಲ್ಯೂರ್, ಅದು ಎಲ್ಲಾರಿಗೂ ಗೊತ್ತದ. ಹಿಮೋಗ್ಲೋಬಿನ್ 13.2, ಸರೀನೇ ಇದ್ದಾಗ ಡಾಕ್ಟರ್ ಐರನ್ ಸಲೈನ್ ಯಾಕ ಹಚ್ಚತೇನಿ ಅಂತಾರ, ಗುಳಿಗಿ ಸಾಲೂದಿಲ್ಲೇನು ಅಂತ ಕೇಳೀದಿ.

ನಿನ್ನ ದೊಡ್ಡಪ್ಪಂದ ನೆನಪ ಮಾಡ್ಕೊ. ಅವಂಗೂ ಹಾರ್ಟಿಂದೇ ತ್ರಾಸು, ಹಿಮೋಗ್ಲೋಬಿನ್ 13ರ ಮ್ಯಾಲೇ ಇತ್ತು. ದಿನಾ ಪುಣೆದ ಪರ್ವತಿ ಗುಡ್ಡ ಹತ್ತಾಂವ, ಮನಿ ಎರಡನೇ ಮಜಲಾ ಹತ್ತೂದ್ರಾಗ ಮೂರು ಸಲ ಕೂಡಾಕತ್ತಿದ. ವಯಸ್ಸಾತು ಅಂತ ಬಿಟ್ವಿ. ಕಡೀಕ ಫೆರಿಟಿನ್, ಅಂದ್ರ ಮೈಯಾಗ ಕಬ್ಬಿಣ ಎಷ್ಟು ಕೂಡಿಟ್ಟದ ಅನ್ನೂ ಟೆಸ್ಟ್, ಮಾಡ್ಸಿದ್ರ 38! ಲ್ಯಾಬಿನವರ ಹಾಳ್ಯಾಗ 'ನಾರ್ಮಲ್' ಅಂತ ಛಾಪಾ, ಯಾಕಂದ್ರ ಅವರ ಅಳತಿ ಆರಾಮಿದ್ದವರದು. ಹಿಮೋಗ್ಲೋಬಿನ್ ಒಂದ ನೋಡಿ ಸುಮ್ನ ಕೂಡಬ್ಯಾಡ್ರಿ. ಕಬ್ಬಿಣ ರಕ್ತಕ್ಕಷ್ಟ ಅಲ್ಲ, ಹಾರ್ಟಿನ ಸ್ನಾಯುಕ್ಕೂ ಬೇಕು.

ಆಮ್ಯಾಲೆ ಮೂರು ತಿಂಗಳ ಗುಳಿಗಿ ನುಂಗಿದ. ಹಾರ್ಟ್ ಫೇಲ್ಯೂರಿನಾಗ ಲಿವರ್ ಹೆಪ್ಸಿಡಿನ್ ಅಂತ ಒಂದು ಹಾರ್ಮೋನ್ ಹೆಚ್ಚು ಬಿಡಬಹುದು, ಅದು ಕರುಳಿನ ಬಾಗಲಾ ಮುಚ್ಚತದ. ಗುಳಿಗಿಯೊಳಗಿನ ಕಬ್ಬಿಣ ಒಳಗ ಹೋಗೂದ ಕಡಿಮಿ. 2017ರಾಗ ಅಮೆರಿಕಾದವರು ದಿನಕ್ಕೆರಡು ಸಲ 150 ಮಿಲಿಗ್ರಾಂ, 16 ವಾರ ಕೊಟ್ಟು ನೋಡಿದ್ರು, ಶ್ರಮ ತಾಳೂ ತಾಕತ್ತು ಏನೂ ಹೆಚ್ಚಲಿಲ್ಲ. ನಿನ್ನ ದೊಡ್ಡಪ್ಪಗ ಮಲಾ ಮಾತ್ರ ಕರ್ರಗಾತು. ಗುಳಿಗಿದ ಅಂತ ತಿಳ್ಕೊಂಡ್ವಿ. ಖರೇ ಅಂದ್ರ ಆಸ್ಪಿರಿನ್ನಿನಿಂದ ಹೊಟ್ಟ್ಯಾಗ ರಕ್ತ ಒಸರತಿತ್ತು! ಹಿಮೋಗ್ಲೋಬಿನ್ 9ಕ್ಕ ಇಳದ ಮ್ಯಾಲೆ ಗೊತ್ತಾತು. ಮತ್ತೊಮ್ಮೆ ಹೇಳತೇನಿ, ಹಿಮೋಗ್ಲೋಬಿನ್ ಒಂದ ನೋಡಿ ಸುಮ್ನ ಕೂಡಬ್ಯಾಡ್ರಿ.

ಆವಾಗ ಸ್ವಾರಗೇಟಿನಿಂದ ಒಂದು ರಿಕ್ಷಾ ಮಾಡ್ಕೊಂಡು ಬಂದವರು ಯಾರು? ಹುಬ್ಬಳ್ಳಿ ಮದವಿ ಅಂದ್ರ ಗಾಡ್ಯಾಗ ಸೀಟ್ ಸಾಲೂದಿಲ್ಲ. ಗ್ರೂಪಿನಾಗ ಬೀಟ್‌ರೂಟ್ ರಸದ ಫಾರ್ವರ್ಡ್ ಹತ್ತು, ಫೈಲ್ ಹಿಡಕೊಂಡು ಲೈನಿನಾಗ ನಿಂದ್ರಾಕ ಒಬ್ಬರಿಲ್ಲ. ಹೋಗ್ಲಿ ಬಿಡು.

ಹಾಂ, ಹೇಳಬೇಕಾದ್ದ ಮರತಿದ್ದೆ. ಸಿಬಿಸಿ (ರಕ್ತಕಣ ಎಣಸೂ ಟೆಸ್ಟ್) ಜೋಡಿ ಫೆರಿಟಿನ್, ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ (ರಕ್ತದಾಗ ಕಬ್ಬಿಣ ಹೊರೂ ಪ್ರೋಟೀನ್ ಎಷ್ಟು ತುಂಬೇದ ಅನ್ನೂದು) ಎರಡೂ ಬರಸ್ಕೊ. ಫೆರಿಟಿನ್ 100ರ ಒಳಗಿದ್ರ ಕೊರತಿ. 100ರಿಂದ 299ರ ನಡುವ ಇದ್ರ ಸ್ಯಾಚುರೇಷನ್ 20 ಪರ್ಸೆಂಟಿನ ಕೆಳಗ ಇದ್ರಷ್ಟ ಕೊರತಿ. ಸಲೈನಿನಾಗ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಅನ್ನೂ ಕಬ್ಬಿಣದ ಔಷಧ ಹಾಕಿದ್ರ ಒಂದ ಸಲಕ್ಕ 1000 ಮಿಲಿಗ್ರಾಂ ದಾಟಬಾರದು, 15 ನಿಮಿಷಕ್ಕಿಂತ ಜಲ್ದಿ ಬಿಡಬಾರದು, ಮುಗದ ಮ್ಯಾಲೆ ಅರ್ಧ ತಾಸು ಅಲ್ಲೇ ಕೂಡಸ್ಕೊ. ಸೂಜಿ ಚುಚ್ಚಿದಲ್ಲೆ ಉರಿ ಬಂದ್ರ ಕೂಡಲೇ ನರ್ಸ್‌ಗ ಹೇಳು, ಹೊರಗ ಸೋರಿದ್ರ ಕಂದು ಕಲೆ ಭಾಳ ದಿನ ಹೋಗೂದಿಲ್ಲ. ಹಿಂದ ಯಾವಾಗರೆ ಐರನ್ ಇಂಜೆಕ್ಷನ್ ಮೈಗೆ ಒಗ್ಗದಿದ್ರ, ಈಗ ಜ್ವರ ಇದ್ರ, ಮೊದಲ ಹೇಳ್ರಿ. ಮಲದಾಗ ರಕ್ತದ ಟೆಸ್ಟೂ ಕೇಳು. ಆಸ್ಪಿರಿನ್ ಮಾತ್ರ ನೀವ ನೀವ ಬಿಡಿಸಬ್ಯಾಡ್ರಿ. ಮೂರು ತಿಂಗಳಿಗೆ ಮತ್ತ ಫೆರಿಟಿನ್. ಹಳೇ ರಿಪೋರ್ಟ್ ಫೋಟೋ ತಗದು ನನಗಷ್ಟ ಕಳಸು, ಗ್ರೂಪಿನಾಗ ಬ್ಯಾಡ.